ಟೈಟಾನಿಯಂ ಒಳ್ಳೆಯದೇ, ಆದರೆ ಅದರ ಚೀಟಿ ಎಲ್ಲಿ?



ಈ ವಾರದ ಆರೋಗ್ಯದ ಮಾತು ಒಂದು ಲೋಹದ ಬಗ್ಗೆ. ಚಿಂತಲ್, ಶಾಪೂರ್ ನಗರ, ಸೂರಾರಂ, ಗಾಜುಲರಾಮಾರಂ ಕಡೆ ಇರುವ ನಮ್ಮವರಿಂದ ಆಗಾಗ ಒಂದು ಫೋನು ಬರುತ್ತದೆ. ಮಾತು ಬಹುತೇಕ ಒಂದೇ. "ಕಾಕಾ, ತಮ್ಮ ಬೈಕ್ ಮ್ಯಾಲಿಂದ ಬಿದ್ದಾನ, ತೊಡಿ ಎಲುಬು ಮುರದದ. ಸ್ಟೀಲ್ ರಾಡ್ ಹಾಕೋದೋ, ಟೈಟಾನಿಯಂ ಹಾಕೋದೋ ಅಂತ ಕೇಳಾಕತ್ತಾರ. ಟೈಟಾನಿಯಂಗ ಭಾಳ ರೊಕ್ಕ ಅಂತ. ಸಂಜಿ ಒಳಗ ಹೇಳಬೇಕು. ಏನ್ ಮಾಡೂಣು?"

ನಾನು ಡಾಕ್ಟರ್ ಅಲ್ಲ. ಜೀಡಿಮೆಟ್ಲಾ ಮತ್ತು ಬಾಲಾನಗರದ ಮಷೀನ್ ಶಾಪ್‌ಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವನು. ಎಲುಬಿನ ವಿಷಯದಲ್ಲಿ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು. ಲೋಹದ ವಿಷಯದಲ್ಲಿ ಮಾತ್ರ ನನಗೂ ನಾಲ್ಕು ಮಾತು ಗೊತ್ತಿದೆ. ಅದರ ಬಲದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ: "ಸ್ಟೀಲೋ ಟೈಟಾನಿಯಮ್ಮೋ" ಎಂದು ನಾವು ತಲೆ ಕೆಡಿಸಿಕೊಳ್ಳುವಷ್ಟು ಅದರಲ್ಲಿ ವ್ಯತ್ಯಾಸವಿಲ್ಲ. ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ, ಅದರಲ್ಲಿ ಹೆಚ್ಚು ಲಾಭ ನಷ್ಟ ಇದೆ. ಹಾಕಿದ ಲೋಹದ ಚೀಟಿ ಎಲ್ಲಿದೆ?

ಮೊದಲು ಲೋಹದ ಪರಿಚಯ ಮಾಡಿಕೊಳ್ಳೋಣ. ಹೈದರಾಬಾದ್‌ನಲ್ಲಿದ್ದುಕೊಂಡು ಟೈಟಾನಿಯಂ ಗೊತ್ತಿಲ್ಲ ಅಂದರೆ ಮೈಸೂರಲ್ಲಿದ್ದು ಶ್ರೀಗಂಧ ಗೊತ್ತಿಲ್ಲ ಅಂದ ಹಾಗೆ. ಕಂಚನ್‌ಬಾಗ್‌ನಲ್ಲಿ ಮಿಧಾನಿ ಇದೆ, ಅಂದರೆ ಮಿಶ್ರ ಧಾತು ನಿಗಮ, 1973ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಂಪನಿ. ರಾಕೆಟ್, ವಿಮಾನ, ಅಣುಶಕ್ತಿ ಕೆಲಸಕ್ಕೆ ಬೇಕಾದ ವಿಶೇಷ ಲೋಹಗಳನ್ನು ಕರಗಿಸಿ ಎರಕ ಹೊಯ್ಯುವ ಜಾಗ. ಟೈಟಾನಿಯಂ ಅಲ್ಲಿನ ದೊಡ್ಡ ಸರಕು. ದೇಹದೊಳಗೆ ಹಾಕುವ ಇಂಪ್ಲಾಂಟ್‌ಗಳಿಗೂ ಅಲ್ಲಿಂದ ಲೋಹ ಹೋಗುತ್ತದೆ. ಅದರ ಹತ್ತಿರವೇ ಡಿಎಂಆರ್‌ಎಲ್ ಎಂಬ ರಕ್ಷಣಾ ಇಲಾಖೆಯ ಲೋಹಶಾಸ್ತ್ರ ಪ್ರಯೋಗಾಲಯ. ಟೈಟಾನಿಯಂ ಸ್ಪಂಜ್ ಮಾಡುವ ವಿಧಾನವನ್ನು ನಮ್ಮ ದೇಶದಲ್ಲಿ ಬೆಳೆಸಿದ್ದು ಈ ಪ್ರಯೋಗಾಲಯವೇ. ಅದೇ ವಿಧಾನದ ಮೇಲೆ ಕೇರಳದ ಚವರದಲ್ಲಿ ಕೆಎಂಎಂಎಲ್ ಕಂಪನಿ 2011ರಲ್ಲಿ ವರ್ಷಕ್ಕೆ 500 ಟನ್ ಸ್ಪಂಜ್ ಮಾಡುವ ಕಾರ್ಖಾನೆ ತೆರೆಯಿತು. ಹಣ ಕೊಟ್ಟದ್ದು ಇಸ್ರೋದ ವಿಕ್ರಮ್ ಸಾರಾಭಾಯ್ ಕೇಂದ್ರ. ಚವರದ ಸಮುದ್ರ ತೀರದ ಕಪ್ಪು ಮರಳಿನಲ್ಲಿ ಇಲ್ಮನೈಟ್ ಎಂಬ ಅದಿರು ಇದೆ, ಟೈಟಾನಿಯಂ ಬರುವುದು ಅದರಿಂದ.

ಅದಿರು ಅಪರೂಪದ್ದೇನಲ್ಲ. ಭೂಮಿಯ ಮೇಲ್ಪದರದಲ್ಲಿ ಹೆಚ್ಚಾಗಿ ಸಿಗುವ ಧಾತುಗಳಲ್ಲಿ ಟೈಟಾನಿಯಂ ಒಂಬತ್ತನೆಯದು. 1791ರಲ್ಲಿ ಇಂಗ್ಲೆಂಡಿನ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಹೊಳೆಯ ಮರಳಿನಲ್ಲಿ ಇದನ್ನು ಗುರುತಿಸಿದರು. ಆದರೆ ಶುದ್ಧ ಲೋಹವಾಗಿ ಕೈಗೆ ಸಿಕ್ಕಿದ್ದು 1910ರಲ್ಲಿ, ಕಾರ್ಖಾನೆಯಲ್ಲಿ ಮಾಡುವ ದಾರಿ ಸಿಕ್ಕಿದ್ದು 1940ರ ಸುಮಾರಿಗೆ ವಿಲಿಯಂ ಕ್ರೋಲ್ ಅವರಿಂದ. ಕಷ್ಟ ಎಲ್ಲಿ ಅಂದರೆ, ಬಿಸಿಯಾದ ಟೈಟಾನಿಯಂ ಗಾಳಿಯಲ್ಲಿರುವ ಆಮ್ಲಜನಕವನ್ನೂ ಸಾರಜನಕವನ್ನೂ ಕುಡಿದುಬಿಡುತ್ತದೆ, ಕುಡಿದರೆ ಗಾಜಿನ ಹಾಗೆ ಪುಡಿಪುಡಿ. ಹಾಗಾಗಿ ಅದಿರನ್ನು ಕ್ಲೋರಿನ್ ಜೊತೆ ಸೇರಿಸಿ ದ್ರವ ಮಾಡಿ, ಅದನ್ನು ಗಾಳಿ ಇಲ್ಲದ ಪಾತ್ರೆಯಲ್ಲಿ ಮೆಗ್ನೀಸಿಯಂ ಜೊತೆ ಕಾಯಿಸಿ, ಬಂದ ಸ್ಪಂಜಿನಂಥ ಗಟ್ಟಿಯನ್ನು ನಿರ್ವಾತದಲ್ಲಿ ಮತ್ತೆ ಕರಗಿಸಬೇಕು. ಬೆಲೆ ಏರುವುದು ಈ ಅಡುಗೆಯಿಂದ, ಅದಿರಿನ ಅಭಾವದಿಂದಲ್ಲ.

ಇನ್ನು ಜೀಡಿಮೆಟ್ಲಾದ ಗಲ್ಲಿಗಳಿಗೆ ಬನ್ನಿ. ನಮ್ಮ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಹುಡುಗರು ಐಟಿಐ ಮುಗಿಸಿ ಇಲ್ಲಿನ ಸಣ್ಣ ಶಾಪ್‌ಗಳಲ್ಲಿ ಲೇಥ್, ಸಿಎನ್‌ಸಿ ಮೇಲೆ ನಿಲ್ಲುತ್ತಾರೆ. ಕೆಲವರು ಬಾಲಾನಗರದ ಸಿಐಟಿಡಿಯಲ್ಲಿ ಕೋರ್ಸ್ ಮಾಡಿಕೊಂಡಿದ್ದಾರೆ. ಅವರ ಕೈಗೆ ಟೈಟಾನಿಯಂ ಬಾರ್ ಬಂದ ದಿನ ಫೋರ್‌ಮನ್ ಪಕ್ಕದಲ್ಲೇ ನಿಂತಿರುತ್ತಾನೆ. ಯಾಕೆ ಅಂದರೆ ಈ ಲೋಹ ಶಾಖವನ್ನು ಬೇಗ ಸಾಗಿಸುವುದಿಲ್ಲ. ಸ್ಟೀಲ್ ಕತ್ತರಿಸುವಾಗ ಬಿಸಿ ಚಿಪ್ಸ್ ಜೊತೆ ಹೊರಟು ಹೋಗುತ್ತದೆ. ಟೈಟಾನಿಯಂ ಕತ್ತರಿಸುವಾಗ ಅದು ಟೂಲ್ ತುದಿಯಲ್ಲೇ ಕೂತುಬಿಡುತ್ತದೆ, ಇನ್ಸರ್ಟ್ ಸುಟ್ಟು ಹೋಗುತ್ತದೆ. ವೇಗ ಕಡಿಮೆ ಇಡಬೇಕು, ಕೂಲಂಟ್ ಧಾರಾಳ ಬಿಡಬೇಕು. ಅದಕ್ಕೇ ಒಂದು ಸ್ಕ್ರೂ ಮಾಡಲು ಸ್ಟೀಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಮನೆಯವರೂ ಓದಿ. ಟೈಟಾನಿಯಂ ಬಾರ್ ಹೊತ್ತಿಕೊಳ್ಳುವುದಿಲ್ಲ, ಆದರೆ ಅದರ ಸಣ್ಣ ಚಿಪ್ಸ್ ಮತ್ತು ಗ್ರೈಂಡಿಂಗ್ ಪುಡಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಕಣ್ಣು ಕೋರೈಸುವ ಬಿಳಿ ಬೆಂಕಿ. ಅದರ ಮೇಲೆ ನೀರು ಹಾಕಬಾರದು. ಅಷ್ಟು ಕಾವಿನಲ್ಲಿ ನೀರು ಒಡೆದು ಜಲಜನಕ ಹುಟ್ಟುತ್ತದೆ, ಸಿಡಿಯುತ್ತದೆ. ಮಾಮೂಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಉಪಯೋಗಕ್ಕೆ ಬಾರದು. ಒಣ ಮರಳು, ಇಲ್ಲವೇ ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ, ಇವೆರಡೇ. ಟೈಟಾನಿಯಂ ಕೆಲಸ ಮಾಡುವ ಶಾಪ್‌ನಲ್ಲಿ ಒಣ ಮರಳಿನ ಬಕೆಟ್ ಇಲ್ಲದಿದ್ದರೆ ನಿಮ್ಮ ಹುಡುಗನಿಗೆ ಕೇಳಲು ಹೇಳಿ. ಚಿಪ್ಸ್ ದಿನದಿನವೂ ಗುಡಿಸಿ ಮುಚ್ಚಿದ ಡಬ್ಬಿಯಲ್ಲಿ ಹಾಕಬೇಕು, ಮಷೀನ್ ಕೆಳಗೆ ಗುಡ್ಡೆ ಬಿಡಬಾರದು. ಇದು ನೌಕರಿ ಹೋಗುವ ಮಾತಲ್ಲ, ಜೀವ ಉಳಿಯುವ ಮಾತು.

ಸರಿ, ಇಷ್ಟು ಹಟಮಾರಿ ಲೋಹವನ್ನು ಮೈಯೊಳಗೆ ಯಾಕೆ ಹಾಕುತ್ತಾರೆ?

ಮೂರು ಗುಣಕ್ಕಾಗಿ. ಒಂದು, ತೂಕ. ಒಂದು ಘನ ಸೆಂಟಿಮೀಟರ್ ಸ್ಟೀಲ್ ಸುಮಾರು 7.9 ಗ್ರಾಂ ತೂಗಿದರೆ ಟೈಟಾನಿಯಂ 4.5 ಗ್ರಾಂ. ವಿಮಾನದವರಿಗೆ, ಇಸ್ರೋದವರಿಗೆ ಇದು ದೊಡ್ಡ ಗುಣ. ನಮ್ಮ ತೊಡೆಯೊಳಗಿನ ರಾಡ್‌ಗೆ ಅಷ್ಟೇನೂ ಅಲ್ಲ, ನೂರಿನ್ನೂರು ಗ್ರಾಂ ವ್ಯತ್ಯಾಸ ಕಾಲಿಗೆ ತಿಳಿಯುವುದಿಲ್ಲ. ಎರಡನೆಯದು ತುಕ್ಕು ಹಿಡಿಯದ ಗುಣ. ಗಾಳಿ ತಾಗಿದ ಕ್ಷಣವೇ ಟೈಟಾನಿಯಂ ಮೈಮೇಲೆ ಆಕ್ಸೈಡಿನ ಒಂದು ಪೊರೆ ಹುಟ್ಟುತ್ತದೆ, ಕೂದಲೆಳೆಯನ್ನು ಹತ್ತು ಸಾವಿರ ಸೀಳು ಮಾಡಿದರೆ ಎಷ್ಟೋ ಅಷ್ಟು ತೆಳು. ಕೆರೆದರೆ ಮತ್ತೆ ತಾನೇ ಹುಟ್ಟುತ್ತದೆ. ರಕ್ತ, ಬೆವರು, ಉಪ್ಪುನೀರು ಯಾವುದೂ ಅದನ್ನು ದಾಟುವುದಿಲ್ಲ. ಸಮುದ್ರದ ನೀರು, ಕ್ಲೋರಿನ್ ಹರಿಯುವ ಕೆಮಿಕಲ್ ಕಾರ್ಖಾನೆಗಳಲ್ಲಿ ಟೈಟಾನಿಯಂ ಕೊಳವೆ ಹಾಕುವುದೂ ಇದಕ್ಕೇ. ನಮ್ಮ ದೇಹವೂ ಒಂದು ಉಪ್ಪುನೀರಿನ ಕಾರ್ಖಾನೆಯೇ ಅಲ್ಲವೇ. ಮೂರನೆಯದು ಬಾಗುವ ಗುಣ. ಸ್ಟೀಲಿನಷ್ಟು ಸೆಟೆದು ನಿಲ್ಲುವುದಿಲ್ಲ, ಅದರ ಬಿಗುವು ಸ್ಟೀಲಿನ ಸುಮಾರು ಅರ್ಧ. ಎಲುಬು ಇನ್ನೂ ಮೆತ್ತಗೆ. ಲೋಹ ತೀರ ಬಿಗಿಯಾಗಿದ್ದರೆ ಭಾರವನ್ನೆಲ್ಲ ತಾನೇ ಹೊತ್ತು ಎಲುಬನ್ನು ಸೋಮಾರಿ ಮಾಡುತ್ತದೆ. ಕೆಲಸವಿಲ್ಲದ ಎಲುಬು ಸವೆಯುತ್ತದೆ. ಟೈಟಾನಿಯಂ ಸ್ವಲ್ಪ ಬಾಗಿ ಎಲುಬಿಗೂ ಅದರ ಪಾಲಿನ ಕೆಲಸ ಬಿಡುತ್ತದೆ.

ಇನ್ನೊಂದು ಗುಣ ತಿಳಿದದ್ದು ಆಕಸ್ಮಿಕವಾಗಿ. 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯರು ಮೊಲದ ಕಾಲೆಲುಬಿನಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಟೈಟಾನಿಯಂ ಕೊಳವೆ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ. ಎಲುಬು ಅದನ್ನು ಅಪ್ಪಿಕೊಂಡಿತ್ತು. 1965ರಲ್ಲಿ ಅವರು ಹಲ್ಲಿಲ್ಲದ ಒಬ್ಬರ ದವಡೆಗೆ ಟೈಟಾನಿಯಂ ಬೇರು ಕೂರಿಸಿದರು. ಆ ಮನುಷ್ಯ 2006ರಲ್ಲಿ ತೀರಿಕೊಳ್ಳುವ ತನಕ, ನಲವತ್ತು ವರ್ಷ, ಅದೇ ಹಲ್ಲಿನಲ್ಲಿ ಊಟ ಮಾಡಿದರು. ಇವತ್ತು ಡೆಂಟಲ್ ಕ್ಲಿನಿಕ್‌ಗಳಲ್ಲಿ "ಇಂಪ್ಲಾಂಟ್" ಅಂತ ಹಾಕುವ ಸ್ಕ್ರೂ ಅದರ ಸಂತಾನ. ಒಂದು ಮಾತು: ಎಲುಬು ಅಪ್ಪಿಕೊಳ್ಳಲು ಕೆಲವು ತಿಂಗಳು ಬೇಕು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಈ ಸ್ಕ್ರೂ ಸಡಿಲವಾಗುವ ಸಂಭವ ಹೆಚ್ಚು. ತೊಡೆ ಮುರಿದವರಿಗೂ ಇದೇ ಮಾತು. ಟೈಟಾನಿಯಂ ರಾಡ್ ಹಾಕಿಸಿಕೊಂಡು ವಾರ್ಡಿನ ಹೊರಗೆ ಬಂದು ಬೀಡಿ ಹಚ್ಚಿದರೆ ಎಲುಬು ಕೂಡುವುದು ತಡವಾಗುತ್ತದೆ. ಎಲುಬು ಕೂಡದಿದ್ದರೆ ಯಾವ ಲೋಹವೂ ಉಳಿಯದು. ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಬಗ್ಗಿಸಿ ತುಂಡು ಮಾಡುವ ಹಾಗೆ, ಹೆಜ್ಜೆ ಹೆಜ್ಜೆಗೂ ಬಾಗಿ ಒಂದು ದಿನ ಮುರಿಯುತ್ತದೆ.

ಇಷ್ಟು ಹೊಗಳಿದ ಮೇಲೆ "ಹಾಗಾದರೆ ಟೈಟಾನಿಯಂ ತಗೊಳ್ಳೋಣ" ಅನ್ನಬೇಡಿ. ಇನ್ನೊಂದು ಮುಖ ಇದೆ.

ಟೈಟಾನಿಯಂ ಉಜ್ಜಾಟಕ್ಕೆ ಹೆದರುತ್ತದೆ. ಒಂದರ ಮೇಲೊಂದು ಜಾರುವ ಜಾಗದಲ್ಲಿ ಬರೀ ಟೈಟಾನಿಯಂ ಹಾಕಿದರೆ ತೇಯುತ್ತದೆ, ಪುಡಿ ಉದುರುತ್ತದೆ. ಮೊಣಕಾಲು ಬದಲಾಯಿಸುವ ಆಪರೇಷನ್‌ನಲ್ಲಿ ಮೇಲಿನ, ಜಾರುವ ಭಾಗ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ. ನಡುವೆ ಒಂದು ಗಟ್ಟಿ ಪ್ಲಾಸ್ಟಿಕ್. ಕೆಳಗಿನ ತಟ್ಟೆ ಹಲವು ಕಂಪನಿಗಳದ್ದು ಟೈಟಾನಿಯಂ. ಅಂದರೆ ಒಂದೇ ಮೊಣಕಾಲಿನಲ್ಲಿ ಎರಡು ಮೂರು ವಸ್ತು, ಯಾವುದು ಎಲ್ಲಿ ಸಲ್ಲುತ್ತದೋ ಅಲ್ಲಿ. "ಪೂರಾ ಟೈಟಾನಿಯಂ ಮೊಣಕಾಲು" ಎಂದು ಯಾರಾದರೂ ಹೇಳಿದರೆ ಯಾವ ಭಾಗ ಯಾವುದರದ್ದು, ಮೇಲೆ ಏನು ಲೇಪನ ಇದೆ ಎಂದು ಕೇಳಿ. ನಿಕ್ಕಲ್ ಅಲರ್ಜಿ ಇರುವವರಿಗೆ, ಅಂದರೆ ಗಿಲೀಟು ಓಲೆ, ಕೈಗಡಿಯಾರದ ಪಟ್ಟಿ ತಾಗಿದರೆ ಗಾದರಿ ಏಳುವವರಿಗೆ, ಡಾಕ್ಟರ್ ಬೇರೆ ಲೋಹ ಆರಿಸಬಹುದು. ಆಸ್ಪತ್ರೆಯ 316ಎಲ್ ಸ್ಟೀಲಿನಲ್ಲಿ ನಿಕ್ಕಲ್ ಇದೆ. ಅಂಥ ಅಲರ್ಜಿ ಇದ್ದರೆ ಆಪರೇಷನ್‌ಗೆ ಮೊದಲೇ ಹೇಳಿ, ಅವರಾಗಿ ಕೇಳುವ ತನಕ ಕಾಯಬೇಡಿ. ಅದಿಲ್ಲದವರಿಗೆ ತೊಡೆ, ಮೊಣಕಾಲ ಕೆಳಗಿನ ಎಲುಬು ಮುರಿದಾಗ ಸ್ಟೀಲ್ ರಾಡ್‌ನಲ್ಲೂ ಎಲುಬು ಚೆನ್ನಾಗಿ ಕೂಡುತ್ತದೆ. ದಶಕಗಳಿಂದ ಕೂಡುತ್ತಾ ಬಂದಿದೆ. ಸ್ಟೀಲ್ ಹಾಕಿಸಿದ ತಂದೆ ಮಗನಿಗೆ ಅನ್ಯಾಯ ಮಾಡಿದ ಹಾಗಲ್ಲ. ಸಾಲ ಮಾಡಿ ಟೈಟಾನಿಯಂ ಹಾಕಿಸಿ, ಆಮೇಲೆ ಫಿಸಿಯೋಥೆರಪಿಗೆ, ಹಾಲು ಮೊಟ್ಟೆಗೆ ರೊಕ್ಕ ಇಲ್ಲ ಅನ್ನುವ ಮನೆಗಳನ್ನು ನೋಡಿದ್ದೇನೆ. ಅದು ನನಗೆ ಸರಿ ಕಾಣುವುದಿಲ್ಲ.

ದರದ ಮಾತು ಬಂದದ್ದರಿಂದ ಹೇಳುತ್ತೇನೆ. ಮೊಣಕಾಲು ಇಂಪ್ಲಾಂಟ್‌ಗೆ ಸರ್ಕಾರ 2017ರ ಆಗಸ್ಟ್‌ನಲ್ಲಿ ಗರಿಷ್ಠ ದರ ಕಟ್ಟಿತು. ಅದಕ್ಕೆ ಮೊದಲು ಕೋಬಾಲ್ಟ್-ಕ್ರೋಮಿಯಂ ಮೊಣಕಾಲಿನ ಸರಾಸರಿ ದರ ಒಂದೂವರೆ ಲಕ್ಷ ದಾಟಿತ್ತು, ಟೈಟಾನಿಯಂ ವರ್ಗದ್ದು ಎರಡೂವರೆ ಲಕ್ಷದ ಹತ್ತಿರ. ಆ ದಿನ ಕಟ್ಟಿದ ದರ ಕ್ರಮವಾಗಿ 54,720 ಮತ್ತು 76,600 ರೂಪಾಯಿ, ಜಿಎಸ್‌ಟಿ ಬೇರೆ. ಈಗಿನ ದರ ಎನ್‌ಪಿಪಿಎ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ, ಇಲ್ಲವೇ ಮನೆಯ ಕಾಲೇಜು ಹುಡುಗರಿಗೆ ನೋಡಲು ಹೇಳಿ. ಇದು ಇಂಪ್ಲಾಂಟಿನ ದರ ಮಾತ್ರ, ಆಪರೇಷನ್ ಖರ್ಚು ಬೇರೆ. ಆದರೆ ಬಿಲ್ಲಿನಲ್ಲಿ ಇಂಪ್ಲಾಂಟ್ ದರವನ್ನು ಬೇರೆಯಾಗಿ, ಕಂಪನಿ ಹೆಸರು ಮತ್ತು ಬ್ಯಾಚ್ ನಂಬರ್ ಸಮೇತ ಬರೆಯಬೇಕು ಎಂದು ಆ ಆದೇಶದಲ್ಲೇ ಇದೆ. "ಪ್ಯಾಕೇಜ್" ಅಂತ ಒಂದೇ ಸಾಲು ಬರೆದು ಕೊಟ್ಟರೆ ಬಿಡಿಸಿ ಬರೆಯಲು ಕೇಳುವುದು ನಿಮ್ಮ ಹಕ್ಕು.

ಈಗ ನಮ್ಮವರಲ್ಲಿ ಓಡಾಡುವ ಕೆಲವು ಹೆದರಿಕೆಗಳು. "ಒಳಗೆ ಲೋಹ ಇದ್ದರೆ ಚಳಿಗಾಲದಲ್ಲಿ ನೋಯುತ್ತದೆ, ಎಲುಬು ಕೂಡಿದ ಮೇಲೆ ತೆಗೆಸಲೇಬೇಕು" ಎಂದು ಊರಲ್ಲಿ ಹಿರಿಯರು ಹೇಳುತ್ತಾರೆ. ದೊಡ್ಡವರಲ್ಲಿ ತೊಂದರೆ ಕೊಡದ ಪ್ಲೇಟು, ರಾಡು ಒಳಗೇ ಇದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬೆಳೆಯುವ ಮಕ್ಕಳಲ್ಲಿ ಬಹಳ ಸಲ ತೆಗೆಯುತ್ತಾರೆ, ಅದು ಡಾಕ್ಟರ್ ನಿರ್ಧಾರ. ಬರೀ ಮನಸ್ಸಿನ ಕಿರಿಕಿರಿಗೆ ಇನ್ನೊಂದು ಆಪರೇಷನ್ ಬೇಡ. ಟೈಟಾನಿಯಂ ಪ್ಲೇಟ್ ತೆಗೆಯುವುದು ಸುಲಭವೂ ಅಲ್ಲ, ಎಲುಬು ಅಂಟಿಕೊಂಡಿರುತ್ತದೆ, ಸ್ಕ್ರೂ ತಲೆ ಪ್ಲೇಟಿಗೆ ಕಚ್ಚಿಕೊಂಡಿರುತ್ತದೆ.

ಎಂಆರ್‌ಐ ಮಾಡಿಸಬಹುದೇ? ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹೆಚ್ಚಿನವರಿಗೆ ಮಾಡಿಸಬಹುದು. ಲೋಹದ ಸುತ್ತ ಚಿತ್ರ ಸ್ವಲ್ಪ ಕೆಡುತ್ತದೆ, ಸ್ಟೀಲಿಗಿಂತ ಟೈಟಾನಿಯಂನಲ್ಲಿ ಕಡಿಮೆ ಕೆಡುತ್ತದೆ. ಬೆನ್ನು, ತಲೆಯ ಆಪರೇಷನ್‌ನಲ್ಲಿ ಇದು ನಿಜವಾಗಿ ಲೆಕ್ಕಕ್ಕೆ ಬರುವ ಗುಣ, ಅಲ್ಲಿ ಡಾಕ್ಟರ್ ಟೈಟಾನಿಯಂ ಅಂದರೆ ಒಪ್ಪಿಕೊಳ್ಳಿ. ಪೇಸ್‌ಮೇಕರ್ ಮಾತ್ರ ಬೇರೆ ಕಥೆ. ಅದರ ಹೊರ ಕವಚ ಟೈಟಾನಿಯಂದೇ, ಆದರೆ ಒಳಗೆ ಬ್ಯಾಟರಿ, ಸರ್ಕ್ಯೂಟ್ ಇದೆ. "ಟೈಟಾನಿಯಂ ತಾನೇ" ಎಂದು ಹೇಳದೆ ಎಂಆರ್‌ಐ ಕೋಣೆಗೆ ಹೋಗಬಾರದು. ಸ್ಟೀಲೋ ಟೈಟಾನಿಯಮ್ಮೋ, ಏನೇ ಇದ್ದರೂ ತಂತ್ರಜ್ಞರಿಗೆ ಮೊದಲು ಹೇಳಿ.

ಮಾತ್ರೆಯ ಬಿಳಿ ಬಣ್ಣದಲ್ಲಿ ಟೈಟಾನಿಯಂ ವಿಷ ಇದೆ, ಹಾಗಾಗಿ ರಾಡಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಒಂದು ಸಂದೇಶ ನನಗೂ ಬಂದಿತ್ತು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಮಾತ್ರೆಗೆ, ಗೋಡೆಯ ಬಿಳಿ ಬಣ್ಣಕ್ಕೆ ಹಾಕುವುದು ಟೈಟಾನಿಯಂ ಡೈಆಕ್ಸೈಡ್ ಪುಡಿ. ಯುರೋಪಿನವರು 2022ರಲ್ಲಿ ಅದನ್ನು ತಿನಿಸುಗಳಲ್ಲಿ ನಿಲ್ಲಿಸಿದರು, ಔಷಧಿಗಳಲ್ಲಿ ಸದ್ಯಕ್ಕೆ ಬಿಟ್ಟಿದ್ದಾರೆ. ಆ ಪುಡಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡುವುದು ಒಳ್ಳೆಯದಲ್ಲ, ನಮ್ಮ ಪೇಂಟ್ ಮತ್ತು ಔಷಧಿ ಕಾರ್ಖಾನೆಗಳಲ್ಲಿ ಚೀಲ ಸುರಿಯುವ ಹುಡುಗರು ಮಾಸ್ಕ್ ಬಿಡಬಾರದು. ರಾಡಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಬಿಪಿ ಇಳಿಸುವ ಟೈಟಾನಿಯಂ ಬಳೆ, ಮಂಡಿ ನೋವಿನ ಟೈಟಾನಿಯಂ ಸರ: ನಾನು ಈಗಷ್ಟೇ ಹೇಳಿದೆ, ಈ ಲೋಹದ ದೊಡ್ಡ ಗುಣವೇ ಮೈಗೆ ಏನೂ ಮಾಡದೆ ಸುಮ್ಮನಿರುವುದು. ಚರ್ಮದ ಮೇಲೆ ಕೂತು ಬಿಪಿ ಇಳಿಸುವ ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು. ಬಿಪಿ ಮಾತ್ರೆ ಬಿಡಬೇಡಿ.

ಈಗ ಚೀಟಿಯ ಮಾತು. ನಾನು ಬರೆಯಲು ಕೂತದ್ದೇ ಇದಕ್ಕೆ.

ನಮ್ಮ ಶಾಪ್‌ಗೆ ಒಂದು ಟೈಟಾನಿಯಂ ಬಾರ್ ಬಂದರೆ ಜೊತೆಗೆ ಒಂದು ಕಾಗದ ಬರುತ್ತದೆ. ಯಾವ ಕುಲುಮೆ, ಯಾವ ಹೀಟ್ ನಂಬರ್, ಅದರಲ್ಲಿ ಅಲ್ಯೂಮಿನಿಯಂ ಎಷ್ಟು, ವನೇಡಿಯಂ ಎಷ್ಟು, ಆಮ್ಲಜನಕ ಎಷ್ಟು. ಹೆಚ್ಚು ಬಳಕೆಯ ಗ್ರೇಡಿನಲ್ಲಿ ಅಲ್ಯೂಮಿನಿಯಂ ನೂರಕ್ಕೆ 6, ವನೇಡಿಯಂ 4. ಬಾರ್ ತುಂಡು ಮಾಡಿದರೆ ಪ್ರತಿ ತುಂಡಿನ ಮೇಲೂ ಆ ನಂಬರ್ ಮತ್ತೆ ಕೊರೆಯಬೇಕು. ರಾಕೆಟ್ಟಿಗೆ ಹೋಗುವ ಹೆಬ್ಬೆರಳಷ್ಟು ಬೋಲ್ಟ್ ಇರಲಿ, ನಂಬರ್ ಇಲ್ಲದಿದ್ದರೆ ಅಳತೆ ಎಷ್ಟೇ ಸರಿ ಇದ್ದರೂ ನಾನು ಕೆಂಪು ಬಣ್ಣ ಬಳಿದು ಸ್ಕ್ರಾಪ್ ಡಬ್ಬಿಗೆ ಹಾಕುತ್ತಿದ್ದೆ. ನಾಳೆ ಏನಾದರೂ ಆದರೆ ಅದೇ ಕುಲುಮೆಯ ಉಳಿದ ತುಂಡುಗಳು ಎಲ್ಲೆಲ್ಲಿ ಹೋಗಿವೆ ಎಂದು ಹುಡುಕಲು ಬೇರೆ ದಾರಿ ಇಲ್ಲ.

ಇಷ್ಟು ಜೋಪಾನವಾಗಿ ಬಂದ ನಂಬರ್ ನಮ್ಮ ಮನುಷ್ಯನ ತೊಡೆಯೊಳಗೆ ಹೋದ ದಿನ ಕಳೆದುಹೋಗುತ್ತದೆ. 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಇಂಪ್ಲಾಂಟ್ ಪೊಟ್ಟಣದ ಮೇಲೆ ತಯಾರಕರ ಹೆಸರು, ಬ್ಯಾಚ್ ಅಥವಾ ಲಾಟ್ ನಂಬರ್ ಇರಲೇಬೇಕು. ಪೊಟ್ಟಣದೊಳಗೆ ಹಲವು ಸಲ ಅಂಟಿಸುವ ಸ್ಟಿಕ್ಕರ್‌ಗಳೂ ಇರುತ್ತವೆ, ಒಂದು ಆಸ್ಪತ್ರೆಯ ಫೈಲಿಗೆ, ಒಂದು ರೋಗಿಗೆ. ರೋಗಿಯ ಸ್ಟಿಕ್ಕರ್ ಎಷ್ಟು ಜನರ ಮನೆಯಲ್ಲಿದೆ? ಕೇಳಿ ನೋಡಿ. ಎಕ್ಸ್‌ರೇ ಫಿಲ್ಮ್ ಇರುತ್ತದೆ, ಔಷಧಿ ಬಿಲ್ ಇರುತ್ತದೆ, ಸ್ಟಿಕ್ಕರ್ ಇರುವುದಿಲ್ಲ.

ಹುಮನಾಬಾದ್ ಕಡೆಯ ಒಬ್ಬರು, ಚಿಂತಲ್‌ನಲ್ಲಿ ಬಾಡಿಗೆಗಿದ್ದವರು. ಕಾಲಿಗೆ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ರಾಡ್ ಹಾಕಿಸಿ ಊರಿಗೆ ಹೋದರು. ಮೂರು ವರ್ಷದ ಮೇಲೆ ಕೀವು ಆಯಿತು, ಊರ ಹತ್ತಿರದ ಡಾಕ್ಟರ್ ರಾಡ್ ತೆಗೆಯಬೇಕು ಅಂದರು. ಯಾವ ಕಂಪನಿಯದು ಎಂದು ಕೇಳಿದರೆ ಇವರ ಹತ್ತಿರ ಉತ್ತರವಿಲ್ಲ. ಅದು ಯಾಕೆ ಬೇಕು ಅಂತೀರಾ? ಒಬ್ಬೊಬ್ಬ ಕಂಪನಿಯ ಸ್ಕ್ರೂ ತಲೆ ಒಂದೊಂದು ಥರ, ಕೆಲವು ಆರು ಮೂಲೆ, ಕೆಲವು ನಕ್ಷತ್ರದ ಆಕಾರ. ರಾಡ್ ಎಳೆಯುವ ಸಲಕರಣೆಯ ಥ್ರೆಡ್ ಕೂಡ ಬೇರೆ ಬೇರೆ. ಸರಿಯಾದ ಡ್ರೈವರ್ ಇಲ್ಲದಿದ್ದರೆ ಸ್ಕ್ರೂ ತಲೆ ಸವೆದು ನಿಲ್ಲುತ್ತದೆ, ಆಮೇಲೆ ಕೊರೆದು ತೆಗೆಯಬೇಕು. ಹೆಂಡತಿ ಹೈದರಾಬಾದ್‌ಗೆ ಎರಡು ಸಲ ಬಸ್ಸಿನಲ್ಲಿ ಬಂದು ಹೋದರು. ಹಳೆಯ ಫೈಲ್ ಸಿಗಲಿಲ್ಲ. ಕೊನೆಗೆ ಮೂರು ಕಂಪನಿಯ ಸಲಕರಣೆ ತರಿಸಿಟ್ಟುಕೊಂಡು ಆಪರೇಷನ್ ಮಾಡಿದರು. ಅದರ ಬಾಡಿಗೆಯೂ ಇವರ ಬಿಲ್ಲಿಗೇ ಬಂತು. ಒಂದು ಸ್ಟಿಕ್ಕರ್ ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಇದಕ್ಕಿಂತ ದೊಡ್ಡದು ನಮ್ಮ ದೇಶದಲ್ಲೇ ಆಗಿದೆ. ಜಾನ್ಸನ್ ಅಂಡ್ ಜಾನ್ಸನ್ ಗುಂಪಿನ ಡೆಪ್ಯೂ ಕಂಪನಿಯ ಎಎಸ್‌ಆರ್ ಎಂಬ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಪ್ರಪಂಚದಾದ್ಯಂತ ಹಿಂದಕ್ಕೆ ಕರೆದರು. ಅದರ ಗುಂಡು, ಬಟ್ಟಲು ಎರಡೂ ಕೋಬಾಲ್ಟ್-ಕ್ರೋಮಿಯಂ, ಒಂದಕ್ಕೊಂದು ಉಜ್ಜಿ ಲೋಹ ರಕ್ತಕ್ಕೆ ಇಳಿಯುತ್ತಿತ್ತು. ಭಾರತದಲ್ಲಿ ಸುಮಾರು 4,700 ಆಪರೇಷನ್ ಆಗಿದ್ದವು. ಕೇಂದ್ರ ಸರ್ಕಾರದ ಸಮಿತಿ ಈ ವಿಷಯ ನೋಡಿ 2018ರಲ್ಲಿ ವರದಿ ಕೊಟ್ಟಾಗಲೂ 3,600ಕ್ಕೂ ಹೆಚ್ಚು ಜನರ ಪತ್ತೆ ಸಿಕ್ಕಿರಲಿಲ್ಲ. ತಮ್ಮೊಳಗೆ ಇರುವುದು ಅದೇ ಕೀಲು ಎಂದು ಅವರಿಗೆ ಗೊತ್ತಿರಬೇಕೆಂದೇನಿಲ್ಲ. ಪರಿಹಾರ ಬಂದರೂ ಕೇಳುವುದು ಯಾವ ಕಾಗದ ಹಿಡಿದು?

ಊರಲ್ಲೇ ಹುಟ್ಟಿ ಊರಲ್ಲೇ ಇರುವವರನ್ನು ಹೇಗೋ ಹುಡುಕಬಹುದು. ನಮ್ಮನ್ನು ಹುಡುಕುವುದು ಹೇಗೆ? ಆಧಾರ್‌ನಲ್ಲಿ ಔರಾದ್ ವಿಳಾಸ, ಆಸ್ಪತ್ರೆಯಲ್ಲಿ ಕೊಟ್ಟದ್ದು ಶಾಪೂರ್ ನಗರದ ಬಾಡಿಗೆ ಮನೆ, ಈಗ ಇರುವುದು ಕುತ್ಬುಲ್ಲಾಪುರದಲ್ಲಿ. ಫೋನ್ ನಂಬರ್ ಎರಡು ಸಲ ಬದಲಾಗಿದೆ. ಹೆಸರು ತೆಲುಗಿನಲ್ಲಿ ಒಂದು ಥರ, ಕನ್ನಡದಲ್ಲಿ ಒಂದು ಥರ, ಇಂಗ್ಲಿಷಿನಲ್ಲಿ ಮೂರನೆಯ ಥರ. ಆಸ್ಪತ್ರೆಯವರು ಮನಸ್ಸು ಮಾಡಿದರೂ ನಾವು ಸಿಗುವುದಿಲ್ಲ. ಹಾಗಾಗಿ ವಲಸೆ ಬಂದವರ ಲೋಹದ ಲೆಕ್ಕವನ್ನು ವಲಸೆ ಬಂದವರೇ ಇಟ್ಟುಕೊಳ್ಳಬೇಕು. ಆಸ್ಪತ್ರೆಗಳೂ ಡಿಸ್ಚಾರ್ಜ್ ಕಾಗದದಲ್ಲೇ ಇದನ್ನು ಕಡ್ಡಾಯವಾಗಿ ಅಂಟಿಸಿ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಬೋಲ್ಟಿಗೆ ಆಗುವುದು ಮನುಷ್ಯನಿಗೆ ಯಾಕೆ ಆಗಬಾರದು? ಆದರೆ ಆ ದಿನ ಬರುವ ತನಕ ಕಾಯುವುದು ಬೇಡ.

ಆಪರೇಷನ್‌ಗೆ ಒಳಗೆ ಕರೆದೊಯ್ಯುವ ಮೊದಲೇ ನರ್ಸಮ್ಮನಿಗೆ ಹೇಳಿಡಿ, "ಇಂಪ್ಲಾಂಟ್ ಸ್ಟಿಕ್ಕರ್ ನಮಗೊಂದು ಬೇಕು" ಅಂತ. ತೆಲುಗು ಬರದಿದ್ದರೂ "ಸ್ಟಿಕ್ಕರ್" ಎಂದರೆ ಅವರಿಗೆ ಅರ್ಥವಾಗುತ್ತದೆ. ಪ್ಲೇಟು, ಸ್ಕ್ರೂಗಳು ಕೆಲವು ಕಡೆ ಪೊಟ್ಟಣದಲ್ಲಿ ಬರುವುದಿಲ್ಲ, ಟ್ರೇನಲ್ಲಿ ಬರುತ್ತವೆ. ಆಗ ಸ್ಟಿಕ್ಕರ್ ಇರುವುದಿಲ್ಲ. ಹಾಗಿದ್ದರೆ ಕಂಪನಿ ಹೆಸರು, ಲೋಹ, ಅಳತೆ, ಲಾಟ್ ನಂಬರ್ ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿ. ಇಂಪ್ಲಾಂಟ್ ಬಿಲ್ ಬೇರೆಯಾಗಿ ಕೇಳಿ ಪಡೆಯಿರಿ. ಅದರ ಫೋಟೋ ತೆಗೆದು ಇಲ್ಲಿರುವವರ ಫೋನಿನಲ್ಲೊಂದು, ಊರಲ್ಲಿರುವವರ ಫೋನಿನಲ್ಲೊಂದು ಇಡಿ. ಕಾಗದವನ್ನು ರೇಷನ್ ಕಾರ್ಡ್, ಹೊಲದ ಪಹಣಿ ಇಡುವ ಕವರಿನಲ್ಲೇ ಇಡಿ. ನಮ್ಮ ಮನೆಗಳಲ್ಲಿ ಕಳೆಯದ ಜಾಗ ಅದೊಂದೇ. ಈಗಾಗಲೇ ರಾಡ್ ಹಾಕಿಸಿಕೊಂಡು ವರ್ಷವಾಗಿದ್ದರೂ ಆಸ್ಪತ್ರೆಗೆ ಹೋಗಿ ಆಪರೇಷನ್ ನೋಟ್ಸ್ ಪ್ರತಿ ಕೇಳಿ. ತಡವಾದಷ್ಟೂ ಫೈಲ್ ಸಿಗುವುದು ಕಷ್ಟ.

ಕೊನೆಗೆ ದುಡ್ಡಿನ ಒಂದು ಮಾತು, ಮೊದಲ ಫೋನಿನ ಪ್ರಶ್ನೆಗೂ ಇದು ಉತ್ತರ. ಹತ್ತು ಜನ ಅಥವಾ ಹೆಚ್ಚು ಕೆಲಸ ಮಾಡುವ ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇರುವವರಿಗೆ ಇಎಸ್‌ಐ ಬರುತ್ತದೆ. 2017ರಿಂದ ಇದೇ ಮಿತಿ ಇದೆ, ಬದಲಾಗಿದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಸಂಬಳದಿಂದ ನೂರಕ್ಕೆ 75 ಪೈಸೆ ಕಡಿತವಾಗುತ್ತದೆ, ಮಾಲೀಕರು 3 ರೂಪಾಯಿ 25 ಪೈಸೆ ಹಾಕುತ್ತಾರೆ. ಸನತ್‌ನಗರದ ಇಎಸ್‌ಐ ಆಸ್ಪತ್ರೆ ಜೀಡಿಮೆಟ್ಲಾದಿಂದ ದೂರವಿಲ್ಲ, ಊರ ಕಡೆಯವರಿಗೆ ಕಲಬುರಗಿಯಲ್ಲೂ ಇಎಸ್‌ಐ ಮೆಡಿಕಲ್ ಕಾಲೇಜು ಇದೆ. ನಿಮ್ಮ ಮೇಲೆ ಅವಲಂಬಿತರಾದ ತಂದೆ ತಾಯಿಯ ಹೆಸರನ್ನೂ ಕಾರ್ಡಿಗೆ ಸೇರಿಸಬಹುದು. ಬಹಳ ಜನ ಸೇರಿಸಿರುವುದಿಲ್ಲ, ಅಮ್ಮನ ಮೊಣಕಾಲಿಗೆ ಸಾಲ ಮಾಡುತ್ತಾರೆ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಕಾಣದಿದ್ದರೆ ಕಂಟ್ರಾಕ್ಟರ್‌ನನ್ನು ಇವತ್ತೇ ಕೇಳಿ, ಬಿದ್ದ ಮೇಲೆ ಕೇಳಿದರೆ ಅವನು ಫೋನ್ ಎತ್ತುವುದಿಲ್ಲ.

ನಿಮ್ಮ ಮನೆಯಲ್ಲಿ ಸ್ಟಿಕ್ಕರ್ ಇದ್ದು ಅದರಲ್ಲಿ ಏನು ಬರೆದಿದೆ ತಿಳಿಯದಿದ್ದರೆ ಫೋಟೋ ಕಳಿಸಿ, ಲೋಹ ಯಾವುದು, ಲಾಟ್ ನಂಬರ್ ಎಲ್ಲಿದೆ ಎಂದು ಓದಿ ಹೇಳುತ್ತೇನೆ. ಗುಂಪಿನಲ್ಲಿ ಹಾಕಬೇಡಿ, ಅದರಲ್ಲಿ ರೋಗಿಯ ಹೆಸರು ವಯಸ್ಸು ಇರುತ್ತದೆ. ನನಗೊಬ್ಬನಿಗೇ ಕಳಿಸಿ. ಹಗಲು ಶಾಪ್‌ನಲ್ಲಿರುತ್ತೇನೆ, ರಾತ್ರಿ ಎಂಟರ ಮೇಲೆ ನೋಡುತ್ತೇನೆ.